ಟೋನಿ ಸೊಪ್ರಾನೊನ ಸಂಸಾರ

ಅಳಿಯ: ‘ದಿ ಸೊಪ್ರಾನೋಸ್’ ಮುಗಿಸಿದಿರಂತೆ, ಅಮ್ಮ ಹೇಳಿದಳು. 86 ಕಂತೂ ನೋಡಿದಿರಾ ಅತ್ತೆ?

ಅತ್ತೆ: ಒಂದೂ ಬಿಡದೆ ನೋಡಿದೆ. ನೀನು ಅಷ್ಟು ಸಲ ಹೇಳಿದ್ದಕ್ಕೆ ಶುರು ಮಾಡಿದ್ದು, ಆಮೇಲೆ ಬಿಡಲಿಕ್ಕೆ ಆಗಲಿಲ್ಲ. ಈಗ ನಿನ್ನನ್ನೊಂದು ಕೇಳಬೇಕು. ಈ ಟೋನಿ ಸೊಪ್ರಾನೊ ನ್ಯೂಜೆರ್ಸಿಯ ಮಾಫಿಯಾ ನಾಯಕ. ಜೂಜು ಆಡಿಸುತ್ತಾನೆ, ಬಡ್ಡಿಗೆ ದುಡ್ಡು ಬಿಟ್ಟು ಹೊಡೆದು ಬಡಿದು ವಸೂಲಿ ಮಾಡುತ್ತಾನೆ, ಹೊರಗಿನವರಿಗೆ ಕಸ ವಿಲೇವಾರಿಯ ಸಲಹೆಗಾರ ಅಂತ ಹೇಳಿಕೊಳ್ಳುತ್ತಾನೆ, ತನ್ನ ಕೈಯಿಂದಲೇ ಜನರನ್ನು ಕೊಲ್ಲುತ್ತಾನೆ. ಅಂಥವನ ಮೇಲೆ ನಿನಗೆ ಇಷ್ಟು ಪ್ರೀತಿ ಎಲ್ಲಿಂದ ಬಂತು?

ಅಳಿಯ: ಅವನು ಬೆಳಿಗ್ಗೆ ಎದ್ದು ಮನೆಯ ನಿಲುವಂಗಿಯಲ್ಲೇ ಅಂಗಳದ ಇಳಿಜಾರು ಇಳಿದು ಹೋಗಿ ಪೇಪರ್ ಎತ್ತಿಕೊಂಡು ಬರುತ್ತಾನಲ್ಲ, ಅಲ್ಲಿಂದ ಬಂತು. ಮಗಳಿಗೆ ಕಾಲೇಜು ಹುಡುಕಬೇಕು. ಮಗನಿಗೆ ಓದು ಹತ್ತುವುದಿಲ್ಲ. ಏನು ಮಾಡಿದರೂ ಅಮ್ಮನಿಗೆ ಸಮಾಧಾನವಿಲ್ಲ, ವೃದ್ಧರ ವಸತಿಗೆ ಸೇರಿಸಿದ ಅಂತ ಶಾಪ ಹಾಕುತ್ತಾಳೆ. ಊಟಕ್ಕೆ ಕೂತರೆ ಕೆಲಸದವರ ಫೋನು. ರಾತ್ರಿ ಫ್ರಿಜ್ಜಿನ ಬಾಗಿಲು ತೆರೆದು ನಿಂತುಕೊಂಡೇ ತಿನ್ನುತ್ತಾನೆ. ಎರಡು ಮಕ್ಕಳ ತಂದೆಯಾಗಿ, ಆಫೀಸಿನ ಫೋನು ಮಂಚದ ತನಕ ಬರುವವನಾಗಿ, ನನಗೆ ಅವನು ಗೊತ್ತು. ಅವನ ದಂಧೆ ಗೊತ್ತಿಲ್ಲ. ಅವನ ಆಯಾಸ ಗೊತ್ತು.

ಅತ್ತೆ: ಅದು ತಾನಾಗಿ ಆದದ್ದಲ್ಲ. ಸರಣಿಯನ್ನು ಕಟ್ಟಿದ ಡೇವಿಡ್ ಚೇಸ್ ಇಟಾಲಿಯನ್ ಮೂಲದ ಮನೆಯಲ್ಲಿ, ಅದೇ ನ್ಯೂಜೆರ್ಸಿಯಲ್ಲಿ ಬೆಳೆದವನು. ಮೊದಲು ಇದನ್ನು ಸಿನಿಮಾ ಮಾಡಬೇಕು ಅಂದುಕೊಂಡಿದ್ದ: ಅಮ್ಮನ ಕಾಟಕ್ಕೆ ಮನಸ್ಸು ಕೆಟ್ಟು ಮನೋವೈದ್ಯೆಯ ಹತ್ತಿರ ಹೋಗುವ ಒಬ್ಬ ಮಾಫಿಯಾದವನ ಕಥೆ. ಆ ಅಮ್ಮ ಲಿವಿಯಾಳ ಪಾತ್ರಕ್ಕೆ ತನ್ನ ತಾಯಿಯೇ ಮಾದರಿ ಅಂತ ಅವನೇ ಹೇಳಿದ್ದಾನೆ. ಫಾಕ್ಸ್ ವಾಹಿನಿ ಬೇಡ ಅಂದಿತು. ಎಚ್‌ಬಿಒ ತೆಗೆದುಕೊಂಡು 1999ರ ಜನವರಿ 10ರಂದು ಮೊದಲ ಕಂತು ಹಾಕಿತು. ಅಂದರೆ ಮನೆ ಮೊದಲು ಬಂತು, ಮಾಫಿಯಾ ಆಮೇಲೆ. ಅದಕ್ಕೇ ಆ ಮನೆಯ ಒಳಗೆ ಯಾರು ಬೇಕಾದರೂ ಹೋಗಿ ಕೂರಬಹುದು ಅನ್ನಿಸುತ್ತದೆ.

ಅಳಿಯ: ಮೊದಲ ಕಂತಿನ ಬಾತುಕೋಳಿಗಳನ್ನೇ ನೋಡಿ. ಎಲ್ಲಿಂದಲೋ ಬಂದು ಅವನ ಈಜುಕೊಳದಲ್ಲಿ ಮರಿ ಮಾಡುತ್ತವೆ. ಅಷ್ಟು ದಪ್ಪ ಆಸಾಮಿ, ನಿಲುವಂಗಿಯಲ್ಲೇ ನೀರಿಗಿಳಿದು ಕಾಳು ಹಾಕುತ್ತಾನೆ. ಮಗನ ಹುಟ್ಟುಹಬ್ಬದ ದಿನ ಅವು ರೆಕ್ಕೆ ಬಡಿದು ಹಾರಿಹೋದಾಗ ಇವನಿಗೆ ಉಸಿರು ಕಟ್ಟಿ ನೆಲಕ್ಕೆ ಬೀಳುತ್ತಾನೆ. ಕೊನೆಗೆ ಮನೋವೈದ್ಯೆ ಡಾಕ್ಟರ್ ಮೆಲ್ಫಿಯ ಎದುರು ಅಳುತ್ತಾನೆ, ನನ್ನ ಸಂಸಾರ ಎಲ್ಲಿ ಕಳೆದುಹೋಗುತ್ತದೋ ಅಂತ ಹೆದರಿಕೆ ಅನ್ನುತ್ತಾನೆ. ಜೇಮ್ಸ್ ಗ್ಯಾಂಡೊಲ್ಫಿನಿಯ ಆ ಕಣ್ಣು, ಆ ಭಾರವಾದ ಉಸಿರಾಟ! 2013ರಲ್ಲಿ ರೋಮ್‌ನಲ್ಲಿ ಅವರು ತೀರಿಕೊಂಡಾಗ ನಮ್ಮವರೇ ಯಾರೋ ಹೋದ ಹಾಗೆ ಆಯಿತು ನನಗೆ.

ಅತ್ತೆ: ಅಲ್ಲಿಗೆ ನಮ್ಮ ಮನಸ್ಸು ಅವನ ಕೈಗೆ ಹೋಯಿತು. ನಾನು ಸೆಷನ್ಸ್ ಕೋರ್ಟಿನಲ್ಲಿ ಶಿರಸ್ತೇದಾರಳಾಗಿದ್ದವಳು, ನಿನಗೆ ಗೊತ್ತಲ್ಲ. ಕೊಲೆ ಕೇಸು ಇದ್ದ ದಿನ ಆರೋಪಿಯ ಹೆಂಡತಿ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಊಟದ ಡಬ್ಬಿ ಹಿಡಿದುಕೊಂಡು ವರಾಂಡದಲ್ಲಿ ಕೂತಿರುತ್ತಿದ್ದಳು. ಪೊಲೀಸರು ಅವನನ್ನು ಕರೆತರುವಾಗ ಮಗು ‘ಅಪ್ಪಾ’ ಅಂತ ಕೈ ಚಾಚುತ್ತಿತ್ತು. ಕರುಳು ಚುರ್ ಅನ್ನದವರು ಯಾರು? ಆದರೆ ಎದುರಿನ ಬೆಂಚಿನಲ್ಲಿ ಸತ್ತವನ ತಾಯಿ ಕೂತಿರುತ್ತಿದ್ದಳು. ಆಕೆಯ ಮುಖ ನೋಡಿದ ಮೇಲೆ ಮೊದಲಿನ ಕನಿಕರ ಸುಳ್ಳಾಗುತ್ತಿರಲಿಲ್ಲ. ಅದಷ್ಟೇ ಸಾಲದು ಅಂತ ಗೊತ್ತಾಗುತ್ತಿತ್ತು. ಈ ಸರಣಿ ನಮ್ಮನ್ನು ಹೆಚ್ಚು ಹೊತ್ತು ಒಂದೇ ಬೆಂಚಿನ ಹತ್ತಿರ ನಿಲ್ಲಿಸುತ್ತದೆ. ಎದುರಿನ ಬೆಂಚನ್ನು ಆಗಾಗ ತೋರಿಸುತ್ತದೆ. ಆ ಹೊತ್ತಿನಲ್ಲಿ ನಾವು ಕಣ್ಣು ಬೇರೆ ಕಡೆ ತಿರುಗಿಸುತ್ತೇವೆ.

ಅಳಿಯ: ನಾನು ತಿರುಗಿಸಿಲ್ಲ. ‘ಕಾಲೇಜ್’ ಅನ್ನುವ ಐದನೇ ಕಂತನ್ನೇ ತೆಗೆದುಕೊಳ್ಳಿ. ಮಗಳು ಮೆಡೋಳಿಗೆ ಕಾಲೇಜು ತೋರಿಸಲು ಮೇನ್ ರಾಜ್ಯಕ್ಕೆ ಕಾರಿನಲ್ಲಿ ಕರೆದುಕೊಂಡು ಹೋಗುತ್ತಾನೆ. ದಾರಿಯಲ್ಲಿ ಅವಳು ನೇರವಾಗಿ ಕೇಳುತ್ತಾಳೆ, ನೀನು ಮಾಫಿಯಾದವನಾ ಅಂತ. ಮೊದಲು ಹಾರಿಕೆಯ ಉತ್ತರ. ಆಮೇಲೆ, ನನ್ನ ದುಡ್ಡಿನಲ್ಲಿ ಸ್ವಲ್ಪ ಕಾನೂನಿಗೆ ಹೊರತಾದ ಜೂಜಿನಿಂದ ಬರುತ್ತದೆ ಅಂತ ಒಪ್ಪಿಕೊಳ್ಳುತ್ತಾನೆ. ಅವಳೂ ಪರೀಕ್ಷೆಗೆ ಓದುವಾಗ ಮಾತ್ರೆ ನುಂಗಿದ್ದನ್ನು ಹೇಳಿಬಿಡುತ್ತಾಳೆ. ಅಪ್ಪ ಮಗಳ ನಡುವೆ ಅಂಥ ಮಾತು ಟೀವಿಯಲ್ಲಿ ನಾನು ಬೇರೆಲ್ಲೂ ನೋಡಿಲ್ಲ. ಅದೇ ಪ್ರವಾಸದಲ್ಲಿ ಅವನು ಕೊಲೆ ಮಾಡುವುದನ್ನೂ ನೋಡಿದೆ, ಕಣ್ಣು ಮುಚ್ಚದೆ.

ಅತ್ತೆ: ಕೊಂದದ್ದು ಯಾರನ್ನು?

ಅಳಿಯ: ಪೆಟ್ರೂಲಿಯೊ ಅಂತ. ಹಿಂದೆ ಗುಂಪಿನಲ್ಲಿದ್ದವನು. ಪೊಲೀಸರಿಗೆ ಮಾಹಿತಿ ಕೊಟ್ಟು, ಸರ್ಕಾರದ ರಕ್ಷಣೆಯಲ್ಲಿ ಹೆಸರು ಬದಲಿಸಿಕೊಂಡು ಆ ಊರಲ್ಲಿ ಟ್ರಾವೆಲ್ ಏಜೆನ್ಸಿ ಇಟ್ಟುಕೊಂಡಿದ್ದ.

ಅತ್ತೆ: ಅವನಿಗೂ ಹೆಂಡತಿ ಇದ್ದಳು, ಪುಟ್ಟ ಮಗಳಿದ್ದಳು. ಹಿಂದಿನ ರಾತ್ರಿ ಟೋನಿ ಮಗಳ ಜೊತೆ ಮೋಟೆಲಿಗೆ ಬಂದಾಗ ಅವನು ಕತ್ತಲಲ್ಲಿ ಪಿಸ್ತೂಲು ಹಿಡಿದು ನಿಂತಿದ್ದ, ಗುಂಡು ಹಾರಿಸಲಿಲ್ಲ. ಮರುದಿನ ಟೋನಿ ಹಾಡಹಗಲಿನಲ್ಲಿ ಅವನ ಕುತ್ತಿಗೆಗೆ ತಂತಿ ಬಿಗಿದು ಎಳೆಯುತ್ತಾನೆ. ಎಷ್ಟು ಹೊತ್ತು ಎಳೆಯುತ್ತಾನೆ ನೆನಪಿದೆಯಾ? ತಂತಿ ಅವನದೇ ಅಂಗೈಯನ್ನು ಕೊಯ್ಯುತ್ತದೆ. ಶೂಗೆ ಕೆಸರು ಮೆತ್ತುತ್ತದೆ. ಅದೇ ಶೂನಲ್ಲಿ ಹೋಗಿ ಮಗಳನ್ನು ಕಾಲೇಜಿನಿಂದ ಕರೆದುಕೊಳ್ಳುತ್ತಾನೆ. ಅವಳು ಕೆಸರನ್ನೂ ನೋಡುತ್ತಾಳೆ, ಕೈಯ ಗಾಯವನ್ನೂ ನೋಡುತ್ತಾಳೆ. ಕೇಳುತ್ತಾಳೆ, ಅವನು ಸುಳ್ಳು ಹೇಳುತ್ತಾನೆ. ಬರುವಾಗ ಹೇಳಿದ ಅರ್ಧ ಸತ್ಯ ಹೋಗುವಾಗ ಪೂರ್ತಿ ಸುಳ್ಳಾಗುತ್ತದೆ.

ಅಳಿಯ: ಆ ಕೊಲೆ ಬೇಡ ಅಂತ ಎಚ್‌ಬಿಒದ ಕ್ರಿಸ್ ಆಲ್ಬ್ರೆಕ್ಟ್ ಪಟ್ಟು ಹಿಡಿದಿದ್ದರಂತೆ. ನಾಯಕನ ಮೇಲೆ ಜನರಿಗೆ ಹುಟ್ಟಿದ ಪ್ರೀತಿಯೆಲ್ಲ ಸತ್ತುಹೋಗುತ್ತದೆ ಅನ್ನುವ ಭಯ. ಚೇಸ್ ಒಪ್ಪಲಿಲ್ಲ. ಇಂಥ ಮನುಷ್ಯ ಇಂಥವನನ್ನು ಕಂಡೂ ಬಿಟ್ಟು ಬಂದರೆ ಯಾರೂ ಅವನನ್ನು ನಂಬುವುದಿಲ್ಲ ಅಂತ ಅವರ ವಾದ. ಬರವಣಿಗೆಗೆ ಎಮ್ಮಿ ಪ್ರಶಸ್ತಿ ಬಂದದ್ದೂ ಅದೇ ಕಂತಿಗೆ.

ಅತ್ತೆ: ಚೇಸ್ ಮಾಡಿದ್ದೇ ಸರಿ. ಆದರೆ ಆಲ್ಬ್ರೆಕ್ಟ್ ಹೆದರಿದ್ದು ಆಗಲಿಲ್ಲವಲ್ಲ, ಅದನ್ನು ಯೋಚಿಸು. ಜನರ ಪ್ರೀತಿ ಸಾಯಲಿಲ್ಲ, ಹೆಚ್ಚಾಯಿತು. ಕೊಲೆಯ ಆಚೆ ಈಚೆ ಮಗಳಿದ್ದಳು. ಒಳ್ಳೆಯ ಅಪ್ಪ ಅನ್ನುವುದನ್ನು ನೋಡಿಬಿಟ್ಟಿದ್ದೆವು. ಅವನು ಬೇಗ ಕೆಲಸ ಮುಗಿಸಿ, ಮಗಳು ಕಾಯುವ ಮೊದಲು ಹೋಗಿ ಸೇರಲಿ ಅಂತ ನನಗೇ ಅನ್ನಿಸಿತು. ಕುತ್ತಿಗೆಯಲ್ಲಿ ತಂತಿ ಇರುವವನ ಮಗಳೂ ಅಪ್ಪನಿಗಾಗಿ ಕಾಯುತ್ತಿರುತ್ತಾಳೆ ಅನ್ನುವುದು ಆ ಕ್ಷಣಕ್ಕೆ ಹೊಳೆಯಲಿಲ್ಲ.

ಅಳಿಯ: ಅದನ್ನು ನೀವು ದೋಷ ಅನ್ನುತ್ತೀರಿ. ನಾನು ಕಲೆಯ ಶಕ್ತಿ ಅನ್ನುತ್ತೇನೆ. ಹಳೆಯ ಮಾಫಿಯಾ ಕಥೆಗಳಲ್ಲಿ ನಾಯಕ ದೂರದಲ್ಲಿರುತ್ತಿದ್ದ. 1972ರ ‘ಗಾಡ್‌ಫಾದರ್’ನಲ್ಲಿ ಕೊರ್ಲಿಯೋನೆ ಕತ್ತಲ ಕೋಣೆಯ ದೊರೆ. ಮಣಿರತ್ನಂ ಅವರ ‘ನಾಯಗನ್’ನಲ್ಲಿ ವೇಲು ಬಡವರ ದೇವರು. ಟೋನಿಗೆ ಆ ಪ್ರಭಾವಳಿ ಇಲ್ಲ. ಮಗನ ಮಾಸ್ತರರು ಕರೆಸಿದರೆ ಹೋಗಿ ಕೈ ಕಟ್ಟಿಕೊಂಡು ಕೂರಬೇಕು. ಅವನು ಕೆಲಸ ಮತ್ತು ಮನೆ ಎರಡನ್ನೂ ತೂಗಿಸಿಕೊಂಡು ಹೋಗಲು ಒದ್ದಾಡುವುದನ್ನು ನೋಡುವುದೇ ಸೊಗಸು.

ಅತ್ತೆ: ನನ್ನ ತಕರಾರು ಇರುವುದು ಅಲ್ಲಿಯೇ. ತೂಗಿಸುವುದು ಅಂದರೆ ಎರಡು ತಟ್ಟೆ ಬೇರೆ ಬೇರೆ ಇರಬೇಕು. ಇವನಿಗೆ ಇರುವುದು ಒಂದೇ. ಎರಡನೇ ಸೀಸನ್ನಿನ ಡೇವಿ ಸ್ಕಟೀನೊನನ್ನು ಮರೆತೆಯಾ?

ಅಳಿಯ: ಕ್ರೀಡಾ ಸಾಮಗ್ರಿಯ ಅಂಗಡಿಯವನು. ಟೋನಿಯ ಹೈಸ್ಕೂಲು ಗೆಳೆಯ.

ಅತ್ತೆ: ಗೆಳೆಯ. ಜೂಜಿನ ಚಟ ಇದ್ದವನು. ದೊಡ್ಡವರು ಆಡುವ ಆಟಕ್ಕೆ ಬಂದು ಕೂತು ಒಂದು ರಾತ್ರಿಯಲ್ಲಿ ಟೋನಿಗೆ 45,000 ಡಾಲರ್ ಬಾಕಿಯಾದ. ತೀರಿಸಲು ದುಡ್ಡಿಲ್ಲದೆ ತನ್ನ ಮಗನ ಕಾರನ್ನೇ ತಂದುಕೊಟ್ಟ. ಟೋನಿ ಅದನ್ನು ಒಯ್ದು ಮೆಡೋಳಿಗೆ ಉಡುಗೊರೆ ಕೊಟ್ಟ. ಅವಳ ಮುಖ ನೆನಪು ಮಾಡಿಕೋ. ಅದು ಯಾರ ಕಾರು ಅಂತ ಅವಳಿಗೆ ಗೊತ್ತು. ಆ ಹುಡುಗ ಅವಳ ಸಹಪಾಠಿ, ಶಾಲೆಯ ಕಾರ್ಯಕ್ರಮದಲ್ಲಿ ಇಬ್ಬರೂ ಸೇರಿ ಹಾಡಬೇಕಿತ್ತು. ಬೇಡ ಅಂದಳು. ಆಗ ಅಪ್ಪ ಏನು ಮಾಡಿದ?

ಅಳಿಯ: ಸಿಟ್ಟಿಗೆದ್ದ. ಬೇಡವಾದರೆ ಇದನ್ನು ಮಾರಿ ಬಂದ ದುಡ್ಡಿನಲ್ಲಿ ಬಟ್ಟೆ, ಊಟ, ಚಪ್ಪಲಿ ಎಲ್ಲ ತರುತ್ತೇನೆ, ಈ ಮನೆಯಲ್ಲಿ ಇರುವುದೆಲ್ಲ ಹೀಗೇ ಬಂದದ್ದು ಅನ್ನುವ ಅರ್ಥದಲ್ಲಿ ಅರಚಿದ.

ಅತ್ತೆ: ಇಡೀ ಸರಣಿಯಲ್ಲಿ ಅವನು ಮಗಳಿಗೆ ಹೇಳಿದ ಅತಿ ದೊಡ್ಡ ಸತ್ಯ ಅದು. ಮೇನ್ ದಾರಿಯಲ್ಲಿ ‘ಸ್ವಲ್ಪ’ ಅಂದಿದ್ದ, ಇಲ್ಲಿ ‘ಎಲ್ಲ’ ಅಂದ. ಮುಂದೆ ಏನಾಯಿತು? ಅಂಗಡಿಯ ಹೆಸರಿನಲ್ಲಿ ಉದ್ದರಿಗೆ ಲೋಡುಗಟ್ಟಲೆ ಸರಕು ತರಿಸಿ, ಬಂದ ಬಂದ ಹಾಗೆ ಹಿಂಬಾಗಿಲಿನಿಂದ ಮಾರಿ, ಸಾಲವನ್ನು ಡೇವಿಯ ತಲೆಗೆ ಕಟ್ಟಿ ಅಂಗಡಿಯನ್ನು ದಿವಾಳಿ ಎಬ್ಬಿಸಿದರು. ಅದಕ್ಕೂ ಮೊದಲೇ, ಕಾರು ಹೋದ ಸಿಟ್ಟಿಗೆ ಆ ಹುಡುಗ ಹಾಡುವುದಿಲ್ಲ ಅಂದಿದ್ದ. ಮೆಡೋಳಿಗೆ ಒಬ್ಬಳೇ ಹಾಡುವ ಅವಕಾಶ ಸಿಕ್ಕಿತು. ಟೋನಿ ಸಭಿಕರ ನಡುವೆ ಕೂತು ಕೇಳಿದ. ನಾವು ಹೊರಗಿನಿಂದ ನೋಡಿದರೆ ಏನು ಕಾಣುತ್ತದೆ? ಕೆಲಸದ ಒತ್ತಡದ ನಡುವೆಯೂ ಮಗಳ ಹಾಡು ಕೇಳಲು ಬಂದ ಅಪ್ಪ. ಆ ಹಾಡಿನ ಅವಕಾಶವೇ ಇನ್ನೊಂದು ಮನೆ ಮುರಿದು ಬಂದದ್ದು.

ಅಳಿಯ: ಅಷ್ಟು ಸ್ಪಷ್ಟವಾಗಿ ನಾನು ಜೋಡಿಸಿಕೊಂಡಿರಲಿಲ್ಲ. ಆದರೂ ಹೆಂಡತಿ ಕಾರ್ಮೆಲಾಳ ವಿಷಯಕ್ಕೆ ಬಂದರೆ ನನಗೆ ಗೊಂದಲ. ಅವಳು ಚರ್ಚಿಗೆ ಹೋಗುತ್ತಾಳೆ, ಮಕ್ಕಳಿಗಾಗಿ ಜೀವ ಬಿಡುತ್ತಾಳೆ. ಅವಳ ತಪ್ಪು ಎಷ್ಟು?

ಅತ್ತೆ: ಅದಕ್ಕೆ ಉತ್ತರ ಸರಣಿಯಲ್ಲೇ ಇದೆ. ಮೂರನೇ ಸೀಸನ್ನಿನಲ್ಲಿ ಅವಳು ಕ್ರಾಕೋವರ್ ಅನ್ನುವ ವಯಸ್ಸಾದ ಮನೋವೈದ್ಯನ ಹತ್ತಿರ ಹೋಗುತ್ತಾಳೆ. ಗಂಡನನ್ನು ಹೇಗೆ ತಿದ್ದುವುದು ಅಂತ ಕೇಳುತ್ತಾಳೆ. ಅವನು ಸುತ್ತಿ ಬಳಸಿ ಮಾತಾಡುವುದಿಲ್ಲ. ಮಕ್ಕಳನ್ನು ಕರೆದುಕೊಂಡು ಹೊರಟುಹೋಗು ಅನ್ನುತ್ತಾನೆ. ಅವಳ ಫೀಸನ್ನೂ ಮುಟ್ಟುವುದಿಲ್ಲ, ಅದು ರಕ್ತದ ದುಡ್ಡು. ಯಾರೂ ನನಗೆ ಹೇಳಲಿಲ್ಲ ಅನ್ನುವ ನೆಪ ಇನ್ನು ನಿನಗೆ ಇಲ್ಲ ಅಂತಲೂ ತಿಳಿಸುತ್ತಾನೆ. ನಾನು ಎದ್ದು ಕೂತೆ. ಇನ್ನು ಇವಳು ಹೊರಡುತ್ತಾಳೆ ಅಂದುಕೊಂಡೆ.

ಅಳಿಯ: ಹೊರಡಲಿಲ್ಲ. ಮೆಡೋ ಓದುವ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ 50,000 ಡಾಲರ್ ದೇಣಿಗೆ ಕೊಡಲೇಬೇಕು ಅಂತ ಗಂಡನನ್ನು ಒಪ್ಪಿಸಿದಳು.

ಅತ್ತೆ: ನೋಡು, ಮಕ್ಕಳಿಗಾಗಿ ಹೊರಡು ಅಂದರೆ ಮಕ್ಕಳಿಗಾಗಿ ಇನ್ನಷ್ಟು ತೆಗೆದುಕೊಂಡಳು. ಅವಳು ಕೆಟ್ಟವಳಲ್ಲ. ಅವಳ ಆಸೆ ನಮ್ಮೆಲ್ಲರ ಮನೆಯ ಆಸೆಯೇ. ಮಗಳು ಒಳ್ಳೆಯ ಕಡೆ ಓದಬೇಕು, ನಾಲ್ಕು ಜನ ಗೌರವದಿಂದ ಮಾತಾಡಿಸಬೇಕು. ಆ ವರ್ಷವೇ ಬರುವ ಇನ್ನೊಂದು ಕಂತಿನಲ್ಲಿ ಮೆಡೋಳ ಕಾಲೇಜು ಜೀವನವನ್ನೂ, ಟೋನಿಯವರ ಕ್ಲಬ್ಬಿನಲ್ಲಿ ಕುಣಿಯುವ ಟ್ರೇಸಿ ಅನ್ನುವ ಹುಡುಗಿಯ ಬದುಕನ್ನೂ ಅಕ್ಕಪಕ್ಕ ಇಟ್ಟು ತೋರಿಸುತ್ತಾರೆ. ಇಬ್ಬರ ವಯಸ್ಸೂ ಹೆಚ್ಚು ಕಡಿಮೆ ಒಂದೇ. ಆ ಮಗು ಟೋನಿಗೆ ಕೃತಜ್ಞತೆಗೆ ಅಂತ ಮನೆಯಲ್ಲಿ ಬ್ರೆಡ್ಡು ಸುಟ್ಟು ತಂದುಕೊಡುತ್ತಾಳೆ, ಅವನು ತೆಗೆದುಕೊಳ್ಳುವುದಿಲ್ಲ. ಅವನ ಕೈಕೆಳಗಿನವನೇ ಅವಳನ್ನು ಕ್ಲಬ್ಬಿನ ಹಿತ್ತಲಲ್ಲಿ ಹೊಡೆದು ಕೊಲ್ಲುತ್ತಾನೆ. ಅವಳ ದುಡಿಮೆಯ ದುಡ್ಡೂ ಸೇರಿ ಮೆಡೋಳ ಫೀಸು ಕಟ್ಟುವುದು. ಇದನ್ನು ಬೋಧನೆ ಮಾಡದೆ ಬರೀ ತೋರಿಸಿದರಲ್ಲ, ಆ ಧೈರ್ಯಕ್ಕೆ ನಾನು ಕೈ ಮುಗಿಯುತ್ತೇನೆ.

ಅಳಿಯ: ಸರಿ. ಹಾಗಾದರೆ ಒಂದು ಪ್ರಶ್ನೆ, ಇದಕ್ಕೆ ಉತ್ತರ ಹೇಳದೆ ನೀವು ಹೋಗುವಂತಿಲ್ಲ. ಕೊನೆಯ ಸೀಸನ್ನಿನಲ್ಲಿ ಮಗ ಎ.ಜೆ. ಮನಸ್ಸು ಮುರಿದು ಸಾಯಬೇಕು ಅಂತ ಅದೇ ಈಜುಕೊಳಕ್ಕೆ ಬೀಳುತ್ತಾನೆ. ಟೋನಿ ಮನೆಗೆ ಬರುತ್ತಾನೆ, ಕೂಗು ಕೇಳುತ್ತದೆ, ಓಡಿಬಂದು ಬಟ್ಟೆ ಬೂಟು ಸಮೇತ ನೀರಿಗೆ ಹಾರುತ್ತಾನೆ. ಮೇಲೆ ಎಳೆದು ಹಾಕಿ ಮೊದಲು ರೇಗುತ್ತಾನೆ, ಆಮೇಲೆ ಮಗನ ತಲೆಯನ್ನು ಎದೆಗೆ ಒತ್ತಿಕೊಂಡು ಎಳೆಕೂಸನ್ನು ಸಮಾಧಾನ ಮಾಡುವ ಹಾಗೆ ಮಾಡುತ್ತಾನೆ. ನನ್ನ ಮಗ ಪಕ್ಕದ ಕೋಣೆಯಲ್ಲಿ ಮಲಗಿದ್ದ. ಎದ್ದು ಹೋಗಿ ನೋಡಿಕೊಂಡು ಬಂದೆ. ಆ ಪ್ರೀತಿ ಸುಳ್ಳಾ ಅತ್ತೆ?

ಅತ್ತೆ: ಸುಳ್ಳಲ್ಲ ಕಣೋ. ನಾನೂ ಅತ್ತೆ. ಆದರೆ ಅದರ ಹಿಂದಿನ ಕಂತು ಯಾವುದು?

ಅಳಿಯ: ಕ್ರಿಸ್ಟೊಫರ್ ಸಾಯುವುದು.

ಅತ್ತೆ: ಸಾಯುವುದಲ್ಲ. ಸಾಯಿಸುವುದು. ಕ್ರಿಸ್ಟೊಫರ್‌ನನ್ನು ಟೋನಿ ಸೋದರಳಿಯ ಅಂತಲೇ ಕರೆಯುತ್ತಿದ್ದ, ಮಗನ ಹಾಗೆ ಬೆಳೆಸಿದ್ದ, ತನ್ನ ನಂತರ ನೀನೇ ಅನ್ನುತ್ತಿದ್ದ. ರಾತ್ರಿ ಕಾರು ಉರುಳುತ್ತದೆ. ಅವನು ಒಳಗೆ ಸಿಕ್ಕಿಕೊಂಡು ರಕ್ತ ಕಾರುತ್ತಿದ್ದಾನೆ. ನಶೆಯಲ್ಲಿದ್ದೆ, ಪರೀಕ್ಷೆ ಮಾಡಿದರೆ ಸಿಕ್ಕಿಬೀಳುತ್ತೇನೆ, ಸಹಾಯ ಮಾಡು ಅನ್ನುತ್ತಾನೆ. ಟೋನಿ ಆಂಬುಲೆನ್ಸಿಗೆ ಫೋನು ಒತ್ತಲು ಹೊರಟವನು ನಿಲ್ಲಿಸುತ್ತಾನೆ. ಹಿಂದಿನ ಸೀಟಿನಲ್ಲಿ ಕ್ರಿಸ್ಟೊಫರ್‌ನ ಹಸುಗೂಸನ್ನು ಕೂರಿಸುವ ಕುರ್ಚಿ ಇದೆ, ಅದರೊಳಗೆ ಮರದ ಕೊಂಬೆ ನುಗ್ಗಿದೆ. ಅದನ್ನು ನೋಡುತ್ತಾನೆ. ನೋಡಿ ಬಂದು ಎರಡು ಬೆರಳಲ್ಲಿ ಅಳಿಯನ ಮೂಗು ಹಿಡಿಯುತ್ತಾನೆ. ಉಸಿರು ನಿಲ್ಲುವ ತನಕ ಬಿಡುವುದಿಲ್ಲ. ಮುಂದೆ ಸಾವಿನ ಮನೆಗೆ ಬಂದವರಿಗೆಲ್ಲ ಆ ಮಗುವಿನ ಕುರ್ಚಿಯ ವಿಷಯವನ್ನೇ ಹೇಳುತ್ತಾನೆ. ಅಲ್ಲಿ ನನಗೆ ಇವನು ಪೂರ್ತಿ ಕಂಡ. ಮಗುವಿನ ಮೇಲಿನ ಮರುಕವೇ ಕೊಲೆಗೆ ಸಮರ್ಥನೆಯಾಯಿತು. ತನಗೆ ಹೊರೆಯಾದವನನ್ನು ತೆಗೆದುಹಾಕಿದ, ಮಗುವಿಗಾಗಿ ಅಂದುಕೊಂಡ.

ಅಳಿಯ: ಅಂದರೆ ಪ್ರೀತಿ ನಿಜ, ಆದರೆ ಅದನ್ನು ಬಳಸಿಕೊಳ್ಳುತ್ತಾನೆ.

ಅತ್ತೆ: ಅದನ್ನೇ ಹೇಳುತ್ತಿದ್ದೇನೆ. ಪ್ರೀತಿ ಸುಳ್ಳಾಗಿದ್ದರೆ ಈ ಕಥೆ ಇಷ್ಟು ಆಳಕ್ಕೆ ಹೋಗುತ್ತಿರಲಿಲ್ಲ. ಡಾಕ್ಟರ್ ಮೆಲ್ಫಿಗೂ ಕೊನೆಗೆ ಅರ್ಥವಾದದ್ದು ಇದೇ. ಅಪರಾಧಿಗಳ ಮನಸ್ಸಿನ ಬಗ್ಗೆ ಇಬ್ಬರು ಅಮೆರಿಕನ್ ತಜ್ಞರು ಮಾಡಿದ ಅಧ್ಯಯನ ಓದುತ್ತಾಳೆ. ಇಂಥವರಿಗೆ ಎಳೆಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಕಂಡರೆ ಕಣ್ಣೀರು ಬರುತ್ತದೆ, ಮಾತಿನ ಚಿಕಿತ್ಸೆ ಅವರನ್ನು ತಿದ್ದುವ ಬದಲು ಇನ್ನೂ ಚೆನ್ನಾಗಿ ನೆಪ ಹೇಳಲು ಕಲಿಸುತ್ತದೆ ಅಂತ ಅದರಲ್ಲಿದೆ. ಬಾತುಕೋಳಿ, ಅವನು ಅಕ್ಕರೆಯಿಂದ ನೋಡಿಕೊಂಡ ಕುದುರೆ, ಮಗುವಿನ ಕುರ್ಚಿ ಎಲ್ಲ ಒಂದೇ ಸಾಲಿಗೆ ಬಂದು ನಿಲ್ಲುತ್ತವೆ. ಅವಳು ಬಾಗಿಲು ಹಾಕಿಬಿಡುತ್ತಾಳೆ.

ಅಳಿಯ: ಆಗ ನನಗೆ ಅವಳ ಮೇಲೆ ಕೋಪ ಬಂತು. ಮಗ ಆಸ್ಪತ್ರೆಯಿಂದ ಆಗಷ್ಟೇ ಬಂದಿದ್ದ ತಂದೆಯನ್ನು ಹೊರಗೆ ಹಾಕಿದಳಲ್ಲ ಅಂತ.

ಅತ್ತೆ: ಕೋಪ ಬರಬೇಕು ಅಂತಲೇ ಹಾಗೆ ಬರೆದಿದ್ದಾರೆ. ಎಂಟು ವರ್ಷ ಅವಳ ಕುರ್ಚಿಯಲ್ಲಿ ಕೂತು ಅವನ ಕಷ್ಟ ಕೇಳಿದವರು ನಾವು. ಅವಳು ಎದ್ದಾಗ ನಾವೂ ಏಳುತ್ತೇವಾ ಅನ್ನುವುದು ಪರೀಕ್ಷೆ. 2007ರ ಜೂನ್ 10ರಂದು ಕೊನೆಯ ಕಂತು ಬಂತು. ಸಂಸಾರ ಹೋಟೆಲಿನಲ್ಲಿ ಕೂತು ಈರುಳ್ಳಿ ಬಜ್ಜಿಯಂಥದ್ದೇನೋ ತಿನ್ನುತ್ತಿರುವಾಗ ಪರದೆ ಕಪ್ಪಾಯಿತು. ಟೋನಿ ಸತ್ತನಾ, ಉಳಿದನಾ ಅಂತ ಜನ ಇಂದಿಗೂ ವಾದ ಮಾಡುತ್ತಾರೆ. ಇಷ್ಟು ವರ್ಷ ಅವನ ಜೊತೆ ನಿಂತು ಹುರಿದುಂಬಿಸಿದವರೇ ಕೊನೆಗೆ ಅವನ ರಕ್ತ ನೋಡಬೇಕು ಅಂತ ಬಯಸಿದ್ದು ಚೇಸ್‌ಗೆ ಬೇಸರ ತಂದಿತ್ತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು ಆ ಕಂತಿನಲ್ಲಿ ಮೆಡೋ ಆಡುವ ಮಾತು. ಅವಳು ವಕೀಲಳಾಗಲು ಹೊರಟಿದ್ದಾಳೆ. ಎಫ್‌ಬಿಐನವರು ನಿನ್ನನ್ನು ಎಳೆದೊಯ್ಯುವುದನ್ನು ಅಷ್ಟು ಸಲ ನೋಡಿದ್ದರಿಂದಲೇ ಈ ದಾರಿ ಹಿಡಿದೆ ಅನ್ನುತ್ತಾಳೆ. ಕಾರು ಬೇಡ ಅಂದಿದ್ದ ಹುಡುಗಿ ಅವಳೇ. ಅವಳ ಕಣ್ಣಲ್ಲಿ ಈಗ ಅನ್ಯಾಯವಾದದ್ದು ಅಪ್ಪನಿಗೆ.

ಅಳಿಯ: ಅವನು ಯಾರನ್ನು ಉಳಿಸಬೇಕು ಅಂತ ಇಷ್ಟೆಲ್ಲ ಮಾಡಿದನೋ ಅವರನ್ನೇ ಕೆಡಿಸಿದ ಅನ್ನುತ್ತೀರಿ.

ಅತ್ತೆ: ಹೌದು. ಅದಕ್ಕೇ ಈ ಕಥೆ ನಮ್ಮನ್ನು ಹಿಡಿಯುತ್ತದೆ ಅಂತ ನನ್ನ ನಂಬಿಕೆ. ಮಾಫಿಯಾ ನಮಗೆ ದೂರ. ಮನೆಗಾಗಿ ಮಾಡಿದೆ ಅನ್ನುವ ಸಮರ್ಥನೆ ನಮಗೆ ಹತ್ತಿರ. ಕಚೇರಿಯಲ್ಲಿ ಫೈಲು ಮುಂದೆ ತಳ್ಳಲು ಕೈ ಚಾಚುವವರನ್ನು ನಾನು ನೋಡಿದ್ದೇನೆ. ಒಬ್ಬನಾದರೂ ನನಗೆ ದುರಾಸೆ ಅಂದದ್ದಿಲ್ಲ. ಮಗಳ ಮದುವೆ, ಮಗನ ಡೊನೇಷನ್ ಸೀಟು, ಸೈಟಿನ ಕಂತು. ಕೊಟ್ಟವನಿಗೂ ಮಗಳಿದ್ದಳು, ಅವನೂ ಸಾಲ ಮಾಡಿಯೇ ತಂದಿದ್ದ. ‘ಬ್ರೇಕಿಂಗ್ ಬ್ಯಾಡ್’ನ ವಾಲ್ಟರ್ ವೈಟ್ ಐದು ಸೀಸನ್ ಸಂಸಾರಕ್ಕಾಗಿ ಅನ್ನುತ್ತಾ ಬಂದು ಕೊನೆಯ ಕಂತಿನಲ್ಲಿ ಹೆಂಡತಿಯೆದುರು ನನಗಾಗಿಯೇ ಮಾಡಿದೆ ಅಂತ ಒಪ್ಪಿಕೊಂಡ. ಟೋನಿ ಕೊನೆಯ ತನಕ ಒಪ್ಪಲಿಲ್ಲ. ನಮ್ಮಲ್ಲಿ ಹೆಚ್ಚಿನವರು ಒಪ್ಪದೆಯೇ ಹೋಗುತ್ತೇವೆ.

ಅಳಿಯ: ನಾನು ಯಾರಿಂದಲೂ ಕಿತ್ತುಕೊಂಡಿಲ್ಲ ಅತ್ತೆ. ರಾತ್ರಿ ಹನ್ನೊಂದರ ತನಕ ದುಡಿಯುತ್ತೇನೆ, ಅಷ್ಟೇ. ಅದೂ ಮನೆಗಾಗಿಯೇ. ಅದರಲ್ಲೂ ತಪ್ಪು ಹುಡುಕುತ್ತೀರಾ?

ಅತ್ತೆ: ಇಲ್ಲ. ನಿನ್ನ ದುಡಿಮೆಯನ್ನೂ ಅವನ ದಂಧೆಯನ್ನೂ ಒಂದೇ ತಕ್ಕಡಿಗೆ ಹಾಕುವಷ್ಟು ಬುದ್ಧಿಗೇಡಿಯಲ್ಲ ನಾನು. ಟೋನಿಯನ್ನು ಇಷ್ಟಪಟ್ಟದ್ದಕ್ಕೆ ನಾಚಬೇಕಾಗಿಯೂ ಇಲ್ಲ. ಅವನನ್ನು ಪ್ರೀತಿಸದೆ ನೋಡಿದವರಿಗೆ ಈ ಸರಣಿ ಏನನ್ನೂ ಕಲಿಸುವುದಿಲ್ಲ. ಪ್ರೀತಿಸುತ್ತಲೇ ಡೇವಿಯ ಮಗನನ್ನೂ, ಟ್ರೇಸಿಯನ್ನೂ, ಮೇನ್‌ನಲ್ಲಿ ಅಪ್ಪನಿಗೆ ಕಾದ ಆ ಮಗುವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಇನ್ನು ನಿನ್ನ ಮಾತಿಗೆ ಬಂದರೆ, ಮನೆಗಾಗಿ ಮಾಡುವವನು ಮನೆಯವರನ್ನು ಒಂದು ಸಲ ಕೇಳಬೇಕು, ನಿಮಗೆ ಇದು ಬೇಕಾ ಅಂತ. ಮೆಡೋ ಕಾರು ಕೇಳಿರಲಿಲ್ಲ. ಕೊಟ್ಟಾಗ ಬೇಡ ಅಂದಳು, ಅಪ್ಪ ಅದನ್ನು ಕೃತಘ್ನತೆ ಅಂದುಕೊಂಡ. ನೀನು ನಿನ್ನ ಮಕ್ಕಳನ್ನು ಕೇಳು. ಅವರು ಏನಾದರೂ ಬೇಡ ಅಂದರೆ ರೇಗಬೇಡ, ಪೂರ್ತಿ ಕೇಳಿಸಿಕೋ.

ಅಳಿಯ: ಅವರು ಬೇಡ ಅನ್ನುವುದು ಯಾವುದನ್ನು ಅಂತ ನನಗೆ ಈಗಲೇ ಗೊತ್ತಿದೆ ಅತ್ತೆ.

ಅತ್ತೆ: ಹಾಗಾದರೆ ಅವರು ಕೇಳುವ ತನಕ ಕಾಯಬೇಡ. ಆ ಫೋನನ್ನು ಮಂಚದ ತನಕ ಬಿಟ್ಟುಕೊಂಡವನು ನೀನು, ಹೊರಗಿಡಬೇಕಾದವನೂ ನೀನೇ.